ಗಡಿಯಾರ ಹಿಡಿದವಳ ಲೆಕ್ಕ

ಕವಿತೆ ಕೇಳುವುದು ನನ್ನ ಕೆಲಸವಲ್ಲ.
ಮೂರು ನಿಮಿಷ, ಮೇಲೆ ಹತ್ತು ಸೆಕೆಂಡಿನ ಕೊಸರು,
ಅದನ್ನೂ ದಾಟಿದರೆ ಅರ್ಧ ಅಂಕ ಖೋತಾ.
ಡ್ರಿಲ್ ಮೇಷ್ಟ್ರ ಹತ್ತಿರ ಎರವಲು ತಂದ ಸ್ಟಾಪ್‌ವಾಚು
ಅಂಗೈಯಲ್ಲಿ ಬೆವರುತ್ತದೆ.

ಇತ್ತ ನಮ್ಮೂರು ಅಂತಾನನರಿವೊ, ಅತ್ತ ತ್ರಿಯೆಸ್ತೆ.
ನಡುವೆ ಪರದೆಯೆಂದರೆ ಯಾರದೋ ಮದುವೆಯ ಮೇಜುಬಟ್ಟೆ.
ಅದರ ಮೇಲಿನ ಸಾರಿನ ಕಲೆ ಸರಿಯಾಗಿ
ತ್ರಿಯೆಸ್ತೆಯ ನಿರೂಪಕನ ಎಡಗೆನ್ನೆಗೆ ಬಂತು.
ನಾವು ನಕ್ಕೆವು.
ನಾಲ್ಕು ಸೆಕೆಂಡು ಬಿಟ್ಟು ಅವನೂ ನಕ್ಕ, ಯಾಕೆಂದು ತಿಳಿಯದೆ:
ನಮ್ಮ ನಗು ಹೋಗಲು ಎರಡು, ಅವನದು ಬರಲು ಎರಡು.

ನಸುಕಿನಲ್ಲಿ ನಾನು ಮೆಟ್ಟಿಲ ಬುಡದಲ್ಲಿ ಮೊಫೊ ಗಾಸಿ ಸುಡುವವಳು,
ಅಕ್ಕಿಹಿಟ್ಟಿನದು, ಗುಳಿ ಗುಳಿ ಹಂಚಿನಲ್ಲಿ.
ತಿರುವಿ ಹಾಕುವ ಹೊತ್ತು ಬೆರಳಿಗೆ ಗೊತ್ತು, ತಲೆಗಲ್ಲ.
ಅದಕ್ಕೇ ಕರೆದರು: ವೋಹಿರಾನ, ನಿನ್ನ ಕೈ ತಪ್ಪುವುದಿಲ್ಲ.

ತೀರ್ಪುಗಾರರು ಐವರು, ಬಾಗಿಲಲ್ಲಿ ಹಿಡಿದು ಕೂರಿಸಿದವರು.
ಹಲ್ಲಿನ ಡಾಕ್ಟರು ಯಾರಿಗೂ ಏಳರ ಮೇಲೆ ಕೊಡಲಿಲ್ಲ.
ಅತಿ ಕಡಿಮೆಯದೆಂದು ಪ್ರತಿ ಸಲ ಅವನ ಅಂಕವನ್ನೇ ಕಿತ್ತುಹಾಕಿದರು.
ಹಲ್ಲು ಕಚ್ಚಿ ಕೂತ.

ಅತ್ತ ಕಡೆಯಿಂದ ಕೊನೆಯವಳು ನಿವೇಸ್. ಅರವತ್ತು ದಾಟಿದ ಹೆಂಗಸು,
ಬಂದರಿನಲ್ಲಿ ಕ್ರೇನು ನಡೆಸಿದವಳಂತೆ.
ಬಾಯಿ ತೆರೆದಳು. ಗುಂಡಿ ಯಾವಾಗ ಒತ್ತಲಿ,
ಅಲ್ಲಿ ತುಟಿ ಬಿರಿದಾಗಲೋ, ಇಲ್ಲಿ ದನಿ ಇಳಿದಾಗಲೋ?
ಹೊರಡುವಾಗ ಎರಡು ತಡ, ಮುಗಿಯುವಾಗಲೂ ಎರಡು,
ಕಳೆದರೆ ಸೊನ್ನೆ ಅಂದ ತಂತಿ ನೋಡಿಕೊಳ್ಳುವ ಹುಡುಗ.
ಲೆಕ್ಕ ಸರಿಯೇ.
ಆದರೂ ಆ ಮಾತು ಅಷ್ಟು ಹೊತ್ತು ಎಲ್ಲೋ ಇತ್ತಲ್ಲ,
ಅಲ್ಲಿ ಆಡಿ ಮುಗಿದು, ಇಲ್ಲಿ ಇನ್ನೂ ಹುಟ್ಟದೆ,
ಯಾವ ಸಮುದ್ರದ ತಳದಲ್ಲಿ?

ಅವಳೂರಿನ ಗಾಳಿಗೆ ಬೀದಿಯುದ್ದ ಹಗ್ಗ ಕಟ್ಟುತ್ತಿದ್ದರಂತೆ.
ಅದೇ ಹಗ್ಗ ಹಿಡಿದು ಎದುರಿಂದ ಬಂದವನು
ದಾರಿ ಬಿಡಲಾಗದೆ ಅವಳಪ್ಪನಾದನಂತೆ.
ಕವಿತೆ ಕೇಳುವುದು ನನ್ನ ಕೆಲಸವಲ್ಲ. ಎರಡು ಐವತ್ತೊಂದು.

ಆಮೇಲೆ ನಮ್ಮ ಮಮಿಸೋವ, ಟ್ಯಾಕ್ಸಿ-ಬೆಯ ಕಂಡಕ್ಟರು.
ನಿಲ್ದಾಣಗಳ ಹೆಸರನ್ನೇ ಕೂಗುತ್ತ ಹೊರಟ,
ಒಂದೊಂದು ನಿಲ್ದಾಣಕ್ಕೂ ಇಳಿದು ಹೋದ ಒಬ್ಬರು.
ಒಂದು ನಿಮಿಷ ಇಪ್ಪತ್ತಕ್ಕೆ
ಕರೆಂಟು ಹೋಯಿತು.

ತ್ರಿಯೆಸ್ತೆ ಇಲ್ಲ. ಕೈಯಲ್ಲಿನ ಮುಳ್ಳೂ ಇಲ್ಲ.
ಯಾರೂ ಮೊಬೈಲು ಬೆಳಗಿಸಲಿಲ್ಲ, ಯಾಕೋ.
ಅವನು ನಿಲ್ಲಿಸಲಿಲ್ಲ;
ಕತ್ತಲಲ್ಲೂ ಕೂಗಿ ಕೂಗಿ ರೂಢಿಯಾದ ಗಂಟಲು.
ನನ್ನ ಬೆರಳು ತಾವೇ ಎಣಿಸಿದವು,
ಒಂದು ಹಂಚು, ತಿರುವು, ಇನ್ನೊಂದು ಹಂಚು.
ಕೊನೆಯ ನಿಲ್ದಾಣದಲ್ಲಿ ಅವನೊಬ್ಬನೇ ಉಳಿದ. ಒತ್ತಿದೆ.

ಎಷ್ಟೋ ಹೊತ್ತಿನ ಮೇಲೆ ಜನರೇಟರು ಕೆಮ್ಮಿತು.
ಮೇಜುಬಟ್ಟೆಯ ಮೇಲೆ ಮತ್ತೆ ಅವರು.
ನಾವು ಮರಳಿದ್ದು ಅವರಿಗಿನ್ನೂ ಕಂಡಿರಲಿಲ್ಲ.
ಒಬ್ಬ ಮೂಗು ಒರೆಸುತ್ತಿದ್ದ. ಒಬ್ಬಳ ಮಡಿಲಲ್ಲಿ ಮಗು ನಿದ್ದೆ.
ನಿವೇಸ್ ಮುಂದಿನ ಕುರ್ಚಿಯ ಬೆನ್ನನ್ನು
ಹಗ್ಗದ ಹಾಗೆ ಹಿಡಿದು ನಿಂತಿದ್ದಳು,
ಖಾಲಿ ಗೋಡೆಯತ್ತ ಕಿವಿಯಿಟ್ಟು.
ಯಾರೂ ಎದ್ದು ಹೋಗಿರಲಿಲ್ಲ.
ಎರಡೇ ಸೆಕೆಂಡು.
ಆಮೇಲೆ ನಾವು ಅವರನ್ನು ಮುಟ್ಟಿರಬೇಕು,
ಚಪ್ಪಾಳೆ ಶುರುವಾಯಿತು,
ಕೇಳಿಯೇ ಇಲ್ಲದ ಕವಿತೆಗೆ.

ವಾಚು ನೋಡಿದೆ: ಮೂರು ಹದಿನಾಲ್ಕು.
ಬೆರಳು ಬೇರೆಯೇ ಹೇಳುತ್ತಿತ್ತು.
ಬೆರಳಿಗೆ ನಿಯಮದಲ್ಲಿ ಜಾಗವಿಲ್ಲ. ಕಂಡದ್ದನ್ನೇ ಬರೆದೆ.

ಸೋತೆವು, ದಶಾಂಶ ಮೂರರಲ್ಲಿ.
ಮಮಿಸೋವ ಎರಡು ದಿನ ನನ್ನ ಜೊತೆ ಮಾತು ಬಿಟ್ಟ.
ಮೂರನೆಯ ನಸುಕಿಗೆ ಬಸ್ಸು ಓರೆಯಾಗಿ ನಿಲ್ಲಿಸಿ ಇಳಿದು ಬಂದ.
ನಾಲ್ಕು ಕೊಡು, ಅಂದ.
ಐದು ಹಾಕಿದೆ.
ಕಾಗದ ಬಿಡಿಸಿ ಎಣಿಸಿ ನೋಡಿದ.
ಹಿಂದೆ ಹಾರನ್ನು ಹೊಡೆಯುತ್ತಲೇ ಇದ್ದರು.